ಅಮ್ಮನಿಗೊಂದು ನಂಬರ್ ಕೊಡಿ, ಅವಳಿಗಳು ಸಿಗುತ್ತಾರೆ

ಓದುಗರ ಪ್ರಶ್ನೆ – ಮನೆತನದ ದಾಖಲೆ

ಪ್ರಶ್ನೆ: ಮೇಡಂ, ನಮಸ್ತೆ. ನಮ್ಮೂರು ಪಾಂಡವಪುರ ತಾಲ್ಲೂಕು, ಕೆಲಸ ಮೈಸೂರಿನಲ್ಲಿ. ಹೆಳವರು ಹೇಳಿ ಬರೆಸಿದ ವಂಶಾವಳಿ, ಪೌತಿ ಖಾತೆಗೆ ಮಾಡಿಸಿದ ವಂಶವೃಕ್ಷ, ಹಳೇ ಲಗ್ನಪತ್ರಿಕೆ ಎಲ್ಲ ಸೇರಿಸಿ ಸುಮಾರು ಎರಡು ಸಾವಿರ ಜನರನ್ನು ಎಕ್ಸೆಲ್‌ಗೆ ಹಾಕಿದ್ದೆ. ಈಗ ಅದನ್ನು ಎಸ್‌ಕ್ಯೂಲೈಟ್ (SQLite) ಅನ್ನುವ ಡೇಟಾಬೇಸ್ ತಂತ್ರಾಂಶಕ್ಕೆ ತಂದಿದ್ದೇನೆ. ‘ನಮ್ಮ ವಂಶದಲ್ಲಿ ಅವಳಿ ಜಾಸ್ತಿ ಕಣಪ್ಪ’ ಅಂತ ಅಜ್ಜಿ ಯಾವಾಗಲೂ ಹೇಳುತ್ತಾರೆ. ನೋಡೋಣ ಅಂತ ತಂದೆ ಹೆಸರು ಒಂದೇ, ಹುಟ್ಟಿದ ದಿನವೂ ಒಂದೇ ಇರುವವರನ್ನು ಹುಡುಕಿದೆ. ನೂರಕ್ಕೂ ಹೆಚ್ಚು ಜೋಡಿ ಬಂತು. ನಮ್ಮಪ್ಪ, ದೊಡ್ಡಪ್ಪ ಕೂಡ ಅದರಲ್ಲಿದ್ದಾರೆ. ಅವರು ಅವಳಿಗಳಲ್ಲ. ಸರಿಯಾಗಿ ಹುಡುಕುವುದು ಹೇಗೆ?

ಉತ್ತರ: ನಿಮ್ಮ ಹುಡುಕಾಟ ತಂದೆಯನ್ನು ಹಿಡಿದುಕೊಂಡಿದೆ. ತಾಯಿಯನ್ನು ಹಿಡಿದು ಹುಡುಕಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ದಶರಥನ ಮನೆಯನ್ನೇ ತಗೊಳ್ಳಿ. ವಾಲ್ಮೀಕಿಯ ಬಾಲಕಾಂಡದಲ್ಲಿ ರಾಮ ಹುಟ್ಟಿದ್ದು ಪುನರ್ವಸು ನಕ್ಷತ್ರ, ಭರತ ಪುಷ್ಯ, ಲಕ್ಷ್ಮಣ ಶತ್ರುಘ್ನರು ಆಶ್ಲೇಷ. ಒಂದರ ಪಕ್ಕ ಒಂದು ಬರುವ ನಕ್ಷತ್ರಗಳು. ತಂದೆ ಒಬ್ಬನೇ, ದಿನ ಒಂದೆರಡು ಆಚೀಚೆ ಅಂತ ಹುಡುಕಿದರೆ ನಾಲ್ವರೂ ಒಟ್ಟಿಗೆ ಬಂದು ನಿಲ್ಲುತ್ತಾರೆ. ತಾಯಿ ಒಬ್ಬಳೇ ಇರಬೇಕು ಅಂತ ಹಾಕಿ. ಸುಮಿತ್ರೆಯ ಇಬ್ಬರು ಮಾತ್ರ ಉಳಿಯುತ್ತಾರೆ. ನಮ್ಮ ಕಡೆಯ ಹಳೇ ಮನೆಗಳಲ್ಲೂ ಎರಡು ಮದುವೆ ಅಪರೂಪವಲ್ಲ. ಅಕ್ಕನಿಗೆ ಮಕ್ಕಳಾಗಲಿಲ್ಲ ಅಂತ ತಂಗಿಯನ್ನೂ ಅದೇ ಮನೆಗೆ ತಂದುಕೊಂಡು, ಆಮೇಲೆ ಇಬ್ಬರಿಗೂ ಮಕ್ಕಳಾದ ಮನೆಗಳನ್ನು ನಾನೇ ಬಲ್ಲೆ.

ತಾಯಿ ಅಂದರೆ ತಾಯಿಯ ಹೆಸರಲ್ಲ, ನೆನಪಿಡಿ. ಮಂಡ್ಯ ಜಿಲ್ಲೆಯ ಯಾವ ವಂಶಾವಳಿ ಬಿಚ್ಚಿದರೂ ನಿಂಗಮ್ಮ, ಪುಟ್ಟಮ್ಮ, ಚಿಕ್ಕತಾಯಮ್ಮ ಸಾಲುಸಾಲಾಗಿ ಸಿಗುತ್ತಾರೆ. ಅತ್ತೆಯ ಹೆಸರೇ ಸೊಸೆಗೂ ಇರುತ್ತದೆ. ತಾತನ ಹೆಸರು ಮೊಮ್ಮಗನಿಗೆ ಬರುತ್ತದೆ, ಹಾಗಾಗಿ ತಂದೆ ಹೆಸರು ಹಿಡಿದು ಹುಡುಕಿದಾಗ ಎರಡು ಬೇರೆ ಬೇರೆ ಮನೆಯ ನಿಂಗೇಗೌಡರ ಮಕ್ಕಳು ಒಂದೇ ಮನೆಯವರಾಗಿ ಕಾಣುತ್ತಾರೆ. ಇದಕ್ಕಿರುವ ದಾರಿ ಒಂದೇ. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡಿ, ಯಾವತ್ತೂ ಬದಲಾಗದ ನಂಬರ್. ಮಗುವಿನ ಸಾಲಿನಲ್ಲಿ ತಾಯಿಯ ಹೆಸರಿನ ಬದಲು ತಾಯಿಯ ನಂಬರ್ ಬರೆಯಿರಿ.

ಆಮೇಲೆ ಎಸ್‌ಕ್ಯೂಲೈಟ್‌ಗೆ ಹೀಗೆ ಪ್ರಶ್ನೆ (ಕ್ವೆರಿ) ಕೇಳಿ. ಸೆಲೆಕ್ಟ್, ಜಾಯಿನ್ ಥರದ ಆಜ್ಞೆಯ ಪದಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಟೇಬಲ್, ಕಾಲಂಗಳ ಹೆಸರು ಕನ್ನಡದಲ್ಲಿದ್ದರೂ ಎಸ್‌ಕ್ಯೂಲೈಟ್ ಒಪ್ಪುತ್ತದೆ.

ಸೆಲೆಕ್ಟ್ ಅ.ಹೆಸರು, ಬ.ಹೆಸರು, ಅ.ಹುಟ್ಟಿದ_ದಿನ
ಫ್ರಮ್ ಜನ ಅ ಜಾಯಿನ್ ಜನ ಬ
ಆನ್ ಅ.ತಾಯಿ_ನಂಬರ್ = ಬ.ತಾಯಿ_ನಂಬರ್
ಆಂಡ್ ಅ.ಹುಟ್ಟಿದ_ದಿನ = ಬ.ಹುಟ್ಟಿದ_ದಿನ
ಆಂಡ್ ಅ.ನಂಬರ್ < ಬ.ನಂಬರ್;

ಇಲ್ಲಿ ‘ಜನ’ ಅನ್ನುವ ಒಂದೇ ಟೇಬಲ್ಲನ್ನು ‘ಅ’, ‘ಬ’ ಅಂತ ಎರಡು ಸಲ ಕರೆದಿದ್ದೇವೆ. ಒಂದೊಂದು ಸಾಲನ್ನೂ ಉಳಿದ ಎಲ್ಲ ಸಾಲುಗಳ ಜೊತೆ ಹೋಲಿಸಿ ನೋಡುತ್ತದೆ. ಕೊನೆಯ ಸಾಲು ಚಿಕ್ಕದು ಅಂತ ಬಿಟ್ಟುಬಿಡಬೇಡಿ. ಅದಿಲ್ಲದಿದ್ದರೆ ಪ್ರತಿಯೊಬ್ಬರೂ ತಮಗೆ ತಾವೇ ಅವಳಿಯಾಗುತ್ತಾರೆ. ರಾಧೆ–ರುಕ್ಮಿಣಿ ಒಂದು ಸಲ, ರುಕ್ಮಿಣಿ–ರಾಧೆ ಇನ್ನೊಂದು ಸಲ ಬರುತ್ತಾರೆ. ತ್ರಿವಳಿಗಳಿದ್ದರೆ ಈ ಪ್ರಶ್ನೆಗೆ ಮೂರು ಜೋಡಿ ಬರುತ್ತದೆ. ಒಂದೇ ಸಾಲಿನಲ್ಲಿ ಬೇಕಾದರೆ ತಾಯಿ ನಂಬರ್ ಮತ್ತು ದಿನದ ಮೇಲೆ ಗ್ರೂಪ್ ಬೈ ಮಾಡಿ, ಹ್ಯಾವಿಂಗ್ ಕೌಂಟ್ ಒಂದಕ್ಕಿಂತ ಜಾಸ್ತಿ ಅಂತ ಕೇಳಿ.

ಇನ್ನು ನಿಮ್ಮಪ್ಪ, ದೊಡ್ಡಪ್ಪನ ವಿಷಯ. ಅವರಿಬ್ಬರ ದಿನಾಂಕ ಜೂನ್ 1 ಅಲ್ವಾ? ನಿಮ್ಮ ಪಟ್ಟಿ ನೋಡದೆಯೇ ಕೇಳುತ್ತಿದ್ದೇನೆ. ಆ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಮನೆಯವರಿಗೆ ಗೊತ್ತಿಲ್ಲದಿದ್ದರೆ ಮೇಷ್ಟ್ರೇ ಒಂದು ದಿನ ಹಾಕುತ್ತಿದ್ದರು. ಶಾಲೆ ಶುರುವಾಗುವ ಜೂನ್ ತಿಂಗಳ ಒಂದನೇ ತಾರೀಖು ಲೆಕ್ಕಕ್ಕೆ ಸುಲಭ. ಶ್ರೀರಂಗಪಟ್ಟಣದ ಹತ್ತಿರದ ನಮ್ಮ ತಾಯಿಯ ತವರಿನಲ್ಲಿ ನನ್ನ ಇಬ್ಬರು ಸೋದರಮಾವಂದಿರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರಕಾರ ಒಂದೇ ವರ್ಷ, ಒಂದೇ ಜೂನ್ 1ರಂದು ಹುಟ್ಟಿದವರು. ನಿಜದಲ್ಲಿ ಅವರ ನಡುವೆ ಎರಡು ವರ್ಷದ ಅಂತರ. ಒಬ್ಬನೇ ನಡೆದು ಹೋಗಲು ದೊಡ್ಡವನು ಹೆದರುತ್ತಿದ್ದ ಅಂತ ತಾತ ಚಿಕ್ಕವನಿಗೂ ಶಾಲೆಗೆ ಹೋಗುವ ವಯಸ್ಸು ಬರುವತನಕ ಕಾದು, ಇಬ್ಬರನ್ನೂ ಒಂದೇ ದಿನ ಸೇರಿಸಿದರು. ತಾಯಿ ಒಬ್ಬಳೇ, ದಿನ ಒಂದೇ, ಕಾಗದವೂ ಸರ್ಕಾರದ್ದೇ. ಆದರೂ ಅವಳಿಗಳಲ್ಲ.

ಅದಕ್ಕೇ ಅವಳಿ ಹುಡುಕುವ ಮುಂಚೆ ಇನ್ನೊಂದು ಪ್ರಶ್ನೆ ಓಡಿಸಿ. ವರ್ಷ ಬಿಟ್ಟು ತಿಂಗಳು ಮತ್ತು ದಿನ ಮಾತ್ರ ತೆಗೆದು, ಯಾವ ದಿನ ಎಷ್ಟು ಜನ ಹುಟ್ಟಿದ್ದಾರೆ ಅಂತ ಎಣಿಸಿ. ಸ್ಟ್ರ್ಫ್‌ಟೈಮ್ (strftime) ಅನ್ನುವ ಫಂಕ್ಷನ್ ಇದಕ್ಕೇ ಇದೆ. ಜೂನ್ 1, ಜನವರಿ 1 ಮೇಲೆದ್ದು ಕಂಡರೆ ಆ ದಿನಾಂಕಗಳನ್ನು ಅಂದಾಜು ಅಂತ ಗುರುತು ಮಾಡಿ. ಇದಕ್ಕೆ ಬೇರೆ ಕಾಲಂ ಇರಲಿ. ದಿನಾಂಕವನ್ನು ಅಳಿಸಬೇಡಿ, ಅಂಕಪಟ್ಟಿಯಲ್ಲಿ ಹಾಗಿದೆ ಅನ್ನುವುದೂ ಒಂದು ಮಾಹಿತಿಯೇ.

ಹೀಗೆ ಜರಡಿ ಹಿಡಿದ ಮೇಲೂ ಸುಳ್ಳು ಜೋಡಿಗಳು ಉಳಿಯುತ್ತವೆ. ಹೆಚ್ಚಾಗಿ ಅದು ಒಬ್ಬರೇ ಎರಡು ಸಲ ಬಂದಿರುವುದು. ಹೆಳವರ ಹೊತ್ತಿಗೆಯಲ್ಲಿ ‘ಪುಟ್ಟ’, ಪಹಣಿಯಲ್ಲಿ ‘ಪುಟ್ಟಸ್ವಾಮಿಗೌಡ’. ಮನೆಯಲ್ಲಿ ‘ಪಾಪಣ್ಣಿ’, ಲಗ್ನಪತ್ರಿಕೆಯಲ್ಲಿ ‘ಲಕ್ಷ್ಮೀದೇವಿ’. ಎರಡು ಕಡೆಯಿಂದ ನಕಲು ಮಾಡಿದ ನಿಮಗೆ ಇದು ಖಂಡಿತ ಆಗಿರುತ್ತದೆ. ಜೋಡಿಯಲ್ಲಿ ಒಬ್ಬರಿಗೆ ಮದುವೆ, ಮಕ್ಕಳು, ಸಾವು ಎಲ್ಲ ಇದ್ದು ಇನ್ನೊಬ್ಬರಿಗೆ ಏನೂ ಇಲ್ಲದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಹಾಗಂತ ಕೂಡಲೇ ಇಬ್ಬರನ್ನೂ ಒಂದು ಮಾಡಿಬಿಡಬೇಡಿ. ಆ ಇನ್ನೊಬ್ಬರು ಎಳವೆಯಲ್ಲೇ ತೀರಿಕೊಂಡ ನಿಜವಾದ ಅವಳಿಯೂ ಆಗಿರಬಹುದು. ಕೇಳಿ ತಿಳಿದುಕೊಂಡ ಮೇಲಷ್ಟೇ ಕೈ ಹಾಕಿ.

ದಿನಾಂಕ ಬರೆಯುವ ರೀತಿಯೂ ಒಂದೇ ಇರಲಿ. ಎಕ್ಸೆಲ್ಲಿನ ಕ್ಯಾಲೆಂಡರ್ ಶುರುವಾಗುವುದೇ 1900ರ ಜನವರಿ 1ರಿಂದ. ಅದಕ್ಕಿಂತ ಹಿಂದೆ ಹುಟ್ಟಿದ ಮುತ್ತಜ್ಜಂದಿರ ದಿನಾಂಕ ಅಲ್ಲಿ ಬರೀ ಅಕ್ಷರವಾಗಿ ಕೂರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಎಸ್‌ಕ್ಯೂಲೈಟ್‌ನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ದಿನ: 1934-07-21. ಒಬ್ಬರದು ಹೀಗಿದ್ದು ಅವರ ಅವಳಿಯದು 21/7/34 ಅಂತಿದ್ದರೆ ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ.

ಈಗ ಎದುರು ಕಡೆಯಿಂದ ನೋಡೋಣ. ನಿಜವಾದ ಅವಳಿಗಳೇ ತಪ್ಪಿಸಿಕೊಳ್ಳುವುದು ಹೇಗೆ? ಒಂದು ಮಗು ರಾತ್ರಿ ಹನ್ನೆರಡಕ್ಕೆ ಮುಂಚೆ, ಇನ್ನೊಂದು ಆಮೇಲೆ. ದಿನಾಂಕ ಬೇರೆ. ಡಿಸೆಂಬರ್ 31 ಆಗಿದ್ದರೆ ವರ್ಷವೂ ಬೇರೆ. ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣ ಇದೆ, ಅದು ನನಗೆ ಬಹಳ ಇಷ್ಟವಾದ ಸಂಗತಿ. ಪಂಚಾಂಗದ ವಾರ ಬದಲಾಗುವುದು ಸೂರ್ಯೋದಯಕ್ಕೆ. ಮಂಗಳವಾರ ಬೆಳಗಿನ ಜಾವ ಎರಡು ಗಂಟೆಗೆ ಹುಟ್ಟಿದ ಮಗು ಆಸ್ಪತ್ರೆಯ ಚೀಟಿಯಲ್ಲಿ ಮಂಗಳವಾರದ್ದು, ಜಾತಕದಲ್ಲಿ ಸೋಮವಾರದ್ದು. ಅಕ್ಕನ ದಿನ ಜಾತಕದಿಂದ, ತಂಗಿಯ ದಿನ ಚೀಟಿಯಿಂದ ಬಂದರೆ ಒಂದೇ ರಾತ್ರಿ ಹುಟ್ಟಿದವರ ನಡುವೆ ಒಂದು ದಿನದ ಅಂತರ ಬಿತ್ತು. ಜಾತಕ ಸಿಕ್ಕರೆ ಪುಣ್ಯ ಅನ್ನಿ. ಅದರಲ್ಲಿ ಹುಟ್ಟಿದ ಹೊತ್ತು ಘಳಿಗೆ ಲೆಕ್ಕದಲ್ಲಿರುತ್ತದೆ. ದಿನಕ್ಕೆ ಅರವತ್ತು ಘಳಿಗೆ, ಒಂದು ಘಳಿಗೆಗೆ 24 ನಿಮಿಷ. ಶ್ರೀಮುಖ ಸಂವತ್ಸರ, ಒಂದೇ ತಿಥಿ, ಒಂದೇ ನಕ್ಷತ್ರ, ಒಂದೆರಡು ಘಳಿಗೆಯ ವ್ಯತ್ಯಾಸ, ತಾಯಿ ಒಬ್ಬಳೇ ಅಂದರೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಶ್ರೀಮುಖ ಅಂದರೆ 1873–74 ಇರಬಹುದು, 1933–34 ಇರಬಹುದು. ಬದಲಾಯಿಸುವಾಗ ತಲೆಮಾರು ನೋಡಿಕೊಳ್ಳಿ.

ಹಾಗಾಗಿ ಎರಡನೇ ಪ್ರಶ್ನೆಯಲ್ಲಿ ‘ದಿನ ಒಂದೇ’ ಅನ್ನುವುದನ್ನು ಸಡಿಲ ಮಾಡಿ. ಜೂಲಿಯನ್‌ಡೇ (julianday) ಫಂಕ್ಷನ್ ಬಳಸಿ ಇಬ್ಬರ ದಿನಗಳ ವ್ಯತ್ಯಾಸ ತೆಗೆಯಿರಿ. ಒಂದು ದಿನದೊಳಗಿದ್ದರೆ ಅವಳಿಗಳ ಪಟ್ಟಿಗೆ. ಒಬ್ಬಳೇ ತಾಯಿಯ ಇಬ್ಬರು ಮಕ್ಕಳ ನಡುವೆ ಒಂದು ದಿನಕ್ಕಿಂತ ಜಾಸ್ತಿ, ಏಳು ತಿಂಗಳಿಗಿಂತ ಕಡಿಮೆ ಅಂತರ ಬಂದರೆ ಅದು ಬೇರೆ ಪಟ್ಟಿ. ಅಲ್ಲಿ ಒಂದೋ ದಿನಾಂಕ ತಪ್ಪಿದೆ, ಇಲ್ಲವೇ ತಾಯಿ ಬೇರೆ, ಇಲ್ಲವೇ ಅವಳಿಗಳು. ಮೂರರಲ್ಲಿ ಯಾವುದು ಅಂತ ಮನೆಯ ಹಿರಿಯರೇ ಹೇಳಬೇಕು.

ಎಷ್ಟು ಜೋಡಿ ಸಿಗಬೇಕು ಅಂತ ಒಂದು ಅಂದಾಜೂ ಇರಲಿ. ಹೆಲಿನ್ ಅನ್ನುವವರು 1895ರಲ್ಲಿ ಎಂಬತ್ತೊಂಬತ್ತು ಹೆರಿಗೆಗೆ ಒಂದು ಅವಳಿ ಅಂತ ಲೆಕ್ಕ ಕೊಟ್ಟಿದ್ದರು. ಅದು ಯುರೋಪಿನ ಲೆಕ್ಕ. 2011ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದಲ್ಲಿ ಸಾವಿರ ಹೆರಿಗೆಗೆ ಒಂಬತ್ತಕ್ಕಿಂತ ಕಡಿಮೆ. ನಿಮ್ಮ ಎರಡು ಸಾವಿರ ಜನರಿಗೆ ಇದನ್ನು ಹಾಗೇ ಹಾಕಬೇಡಿ. ಸೊಸೆಯಾಗಿ ಬಂದವರ ತಾಯಂದಿರು ನಿಮ್ಮ ಪಟ್ಟಿಯಲ್ಲಿಲ್ಲ. ತಾಯಿ ಯಾರು ಅಂತ ಗೊತ್ತಿರುವವರನ್ನು ಮಾತ್ರ ಎಣಿಸಿ. ಅವರು ಸಾವಿರ ಜನ ಇದ್ದರೆ ಎಂಟೊಂಬತ್ತು ಜೋಡಿಗಿಂತ ಬಹಳ ಜಾಸ್ತಿ ಬಂದಾಗ ಒಂದೊಂದನ್ನೂ ಕೂತು ಪರೀಕ್ಷಿಸಿ. ಹಾಗಂತ ಅಜ್ಜಿಯ ಮಾತನ್ನು ತಳ್ಳಿಹಾಕಬೇಡಿ. ಮಲಪ್ಪುರಂ ಜಿಲ್ಲೆಯ ಕೊಡಿಞ್ಞಿಯಂಥ ಊರಲ್ಲಿ ಅವಳಿಗಳು ಉಳಿದ ಕಡೆಗಿಂತ ಎಷ್ಟೋ ಜಾಸ್ತಿ ಇದ್ದಾರೆ, ಕಾರಣ ಇನ್ನೂ ಖಚಿತವಾಗಿಲ್ಲ.

ಕೊನೆಗೆ, ತಾಯಿ ಕಾಲಂ ಖಾಲಿ ಇರುವವರನ್ನು ಎಣಿಸಿ. ನಿಜಕ್ಕೂ ಖಾಲಿ (NULL) ಇದ್ದರೆ ಮೇಲಿನ ಜಾಯಿನ್ ಪ್ರಶ್ನೆಯಲ್ಲಿ ಎಸ್‌ಕ್ಯೂಲೈಟ್ ಅವರನ್ನು ಯಾರ ಜೊತೆಯೂ ಜೋಡಿಸದೆ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಖಾಲಿ ಬಿಡುವ ಬದಲು ‘ಗೊತ್ತಿಲ್ಲ’ ಅಂತ ಬರೆದಿದ್ದರೆ ಇನ್ನೂ ಕಷ್ಟ, ತಾಯಿ ಗೊತ್ತಿಲ್ಲದವರೆಲ್ಲ ಅಣ್ಣತಮ್ಮಂದಿರಾಗುತ್ತಾರೆ. ಹೆಳವರ ವಂಶಾವಳಿ ಮುಖ್ಯವಾಗಿ ಗಂಡುಮಕ್ಕಳ ಜಾಡು ಹಿಡಿದು ಹೋಗುತ್ತದೆ. ಹೆಂಡತಿಯರ ಹೆಸರು ಎಷ್ಟೋ ಕಡೆ ಇರುವುದಿಲ್ಲ. ಆ ಖಾಲಿ ಜಾಗಗಳ ಪಟ್ಟಿಯನ್ನು ಪ್ರಿಂಟ್ ತೆಗೆದು ಅಜ್ಜಿಯ ಮುಂದೆ ಕೂತುಕೊಳ್ಳಿ. ಯಾವ ಊರಿನಿಂದ ತಂದರು, ಯಾರ ಮಗಳು, ಎಷ್ಟು ಹೆತ್ತಳು, ಎಷ್ಟು ಉಳಿದವು, ಇದೆಲ್ಲ ಅವರಿಗೆ ಬಾಯಲ್ಲೇ ಇರುತ್ತದೆ. ಈ ಕೆಲಸವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನಾವು ಮೈಸೂರಿನ ಕ್ಯಾಥೊಲಿಕ್ ಕುಟುಂಬ. ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲಿ ನಮ್ಮ ಮುತ್ತಜ್ಜ ಮತ್ತು ಅವರ ತಮ್ಮನ ಹೆಸರು ಒಂದರ ಕೆಳಗೊಂದು, ಒಂದೇ ದಿನ ಇದೆ. ತಂದೆತಾಯಿಯೂ ಅವರೇ. ಅವಳಿಗಳು ಅನ್ನಬಹುದಾ?

ಉತ್ತರ: ಇಷ್ಟಕ್ಕೇ ಅನ್ನಲಾಗದು. ಅದು ಜ್ಞಾನಸ್ನಾನದ ದಿನ. ಪಾದ್ರಿಗಳು ಊರಿಗೆ ಬಂದಾಗ ಅಣ್ಣತಮ್ಮಂದಿರಿಗೆ ಒಟ್ಟಿಗೆ ಸ್ನಾನ ಕೊಡಿಸುವುದು ಇತ್ತು. ಅದೇ ಸಾಲಿನಲ್ಲಿ ಹುಟ್ಟಿದ ದಿನ ಬೇರೆಯಾಗಿ ಬರೆದಿದೆಯಾ ನೋಡಿ. ಲ್ಯಾಟಿನ್ನಿನಲ್ಲಿ ಬರೆದ ಪುಸ್ತಕವಾದರೆ ಪಕ್ಕದಲ್ಲಿ ‘ಜೆಮೆಲ್ಲಿ’ ಅಂತ ಇದ್ದರೆ ಅವಳಿಗಳೇ. ನಿಮ್ಮ ಡೇಟಾಬೇಸಿನಲ್ಲಿ ಜನನಕ್ಕೂ ಜ್ಞಾನಸ್ನಾನಕ್ಕೂ ಬೇರೆ ಬೇರೆ ಕಾಲಂ ಇಡಿ. ಬ್ರಿಟನ್ನಿನಲ್ಲಿ ಹುಟ್ಟಿದ ಸಂಬಂಧಿಕರಿದ್ದರೆ ಇನ್ನೊಂದು ಸುಳಿವು: ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನನ ಪತ್ರದಲ್ಲಿ ಹುಟ್ಟಿದ ಗಂಟೆಯನ್ನೂ ಬರೆದಿದ್ದರೆ ಸಾಮಾನ್ಯವಾಗಿ ಅದು ಅವಳಿಯ ಗುರುತು. ಸ್ಕಾಟ್ಲೆಂಡಿಗೆ ಇದು ನಡೆಯುವುದಿಲ್ಲ, ಅಲ್ಲಿ ಎಲ್ಲರಿಗೂ ಗಂಟೆ ಬರೆಯುತ್ತಾರೆ.

ಪ್ರಶ್ನೆ: ನಾನು ಮಂಡ್ಯದವಳು, ಮದುವೆಯಾಗಿ ಒಂದು ವರ್ಷ. ನಮ್ಮತ್ತೆ ಅವಳಿ, ಅವರ ತಂಗಿ ನೋಡಲು ಬೇರೆ ಥರ ಇದ್ದಾರೆ. ನನಗೂ ಅವಳಿ ಹುಟ್ಟುತ್ತಾ ಅಂತ ಎಲ್ಲರೂ ತಮಾಷೆ ಮಾಡುತ್ತಾರೆ. ವಂಶದ ಪಟ್ಟಿ ನಾನೇ ಬರೆಯುತ್ತಿದ್ದೇನೆ. ಅದರಿಂದ ಏನಾದರೂ ತಿಳಿಯುತ್ತಾ?

ಉತ್ತರ: ನಿಮ್ಮತ್ತೆಯ ಕಾರಣಕ್ಕೆ ನಿಮಗೆ ಅವಳಿಯಾಗುವ ಸಾಧ್ಯತೆ ಹೆಚ್ಚುವುದಿಲ್ಲ. ಬೇರೆ ಬೇರೆ ರೂಪದ ಅವಳಿಗಳು ಹುಟ್ಟುವುದು ತಾಯಿಯಲ್ಲಿ ಒಂದೇ ಸಲ ಎರಡು ಅಂಡ ಬಿಡುಗಡೆಯಾದಾಗ. ಆ ಗುಣ ಮನೆತನದಲ್ಲಿ ಬರುವುದುಂಟು. 2016ರಲ್ಲಿ ಇದಕ್ಕೆ ಸಂಬಂಧಪಟ್ಟ ಎರಡು ಜೀನ್‌ಗಳನ್ನು ಗುರುತಿಸಿದರು. ನಿಮ್ಮ ಗಂಡನಲ್ಲಿ ಆ ಗುಣ ಇದ್ದರೂ ಅಂಡ ಬಿಡುವುದು ನಿಮ್ಮ ದೇಹ. ಅವರಿಂದ ನಿಮ್ಮ ಮಗಳಿಗೆ ಬಂದರೆ ಅವಳ ಹೆರಿಗೆಯಲ್ಲಿ ಕಾಣಬಹುದು. ನಿಮ್ಮ ಮಟ್ಟಿಗೆ ನೋಡಬೇಕಾದ್ದು ನಿಮ್ಮ ತವರಿನ ಕಡೆ. ಒಂದೇ ರೂಪದ ಅವಳಿಗಳದು ಬೇರೆ ಕಥೆ. ಅದು ಸಾಮಾನ್ಯವಾಗಿ ವಂಶದಲ್ಲಿ ಬರುವುದಲ್ಲ, ಲೋಕದ ಎಲ್ಲ ಕಡೆ ಸಾವಿರಕ್ಕೆ ನಾಲ್ಕರ ಹತ್ತಿರ.

ಪಟ್ಟಿ ಬರೆಯುವವರು ನೀವೇ ಆಗಿದ್ದು ನನಗೆ ಖುಷಿ. ಹೆಣ್ಣುಮಕ್ಕಳನ್ನು ‘ಇಂಥ ಊರಿಗೆ ಕೊಟ್ಟಿದೆ’ ಅಂತ ಬರೆದು ಅಲ್ಲಿಗೇ ನಿಲ್ಲಿಸಬೇಡಿ. ಕೊಟ್ಟ ಮನೆಯಲ್ಲಿ ಅವರಿಗಾದ ಮಕ್ಕಳನ್ನೂ ಸೇರಿಸಿ. ಅವಳಿಯ ಜಾಡು ಇರುವುದೇ ಅಲ್ಲಿ. ಒಬ್ಬ ಅಜ್ಜಿಯಿಂದ ಶುರುಮಾಡಿ ಅವಳ ಮಕ್ಕಳು, ಮೊಮ್ಮಕ್ಕಳು ಅಂತ ಕೆಳಗಿಳಿಯಲು ‘ವಿತ್ ರಿಕರ್ಸಿವ್’ ಅನ್ನುವ ಪ್ರಶ್ನೆ ಬೇಕು. ಮಗನ ಮಗಳನ್ನೂ ಬಿಡಬೇಡಿ, ಗುಣ ಗಂಡಿನ ಮೂಲಕವೂ ದಾಟುತ್ತದೆ. ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವುದು ಜಾಸ್ತಿ ಅಲ್ವಾ? ಹಾಗಾಗಿ ಒಂದೇ ಮಗು ಎರಡು ದಾರಿಯಿಂದ ಅದೇ ಅಜ್ಜಿಗೆ ತಲುಪುತ್ತದೆ. ಒಂದೇ ಅವಳಿ ಜೋಡಿ ಎರಡು ಸಲ ಎಣಿಕೆಯಾಗುತ್ತದೆ. ‘ಡಿಸ್ಟಿಂಕ್ಟ್’ ಅಂತ ಸೇರಿಸಿದರೆ ಒಂದೇ ಸಲ ಬರುತ್ತದೆ.

ಪ್ರಶ್ನೆ: ನಮ್ಮತ್ತೆಗೆ ಕೆ.ಆರ್. ಪೇಟೆಯ ಮನೆಯಲ್ಲೇ ಅವಳಿ ಹೆರಿಗೆಯಾಗಿತ್ತಂತೆ. ಒಂದು ನನ್ನ ಯಜಮಾನರು. ಇನ್ನೊಂದು ಹೆಣ್ಣುಮಗು, ಮೂರನೇ ದಿನಕ್ಕೆ ಹೋಯಿತು. ಹೆಸರಿಟ್ಟಿರಲಿಲ್ಲ, ಎಲ್ಲೂ ಬರೆಸಿಲ್ಲ. ವಂಶವೃಕ್ಷದಲ್ಲಿ ಸೇರಿಸಬಹುದಾ, ಅಥವಾ ಸುಮ್ನೆ ಬಿಡಬೇಕಾ?

ಉತ್ತರ: ಸೇರಿಸಿ ಅಮ್ಮ, ಖಂಡಿತ ಸೇರಿಸಿ. ಆಕೆ ಹುಟ್ಟಿದ್ದಳು, ಮೂರು ದಿನ ಬದುಕಿದ್ದಳು. ಆಸ್ತಿ ಲೆಕ್ಕಕ್ಕೆ ಮಾಡಿಸಿದ ವಂಶವೃಕ್ಷಗಳಲ್ಲಿ ಇಂಥ ಮಕ್ಕಳು ಕಾಣುವುದಿಲ್ಲ, ನೀವು ಮಾಡುತ್ತಿರುವುದು ಆಸ್ತಿ ಲೆಕ್ಕವಲ್ಲ. ಬರೆಯುವ ಮುಂಚೆ ಅತ್ತೆಯನ್ನು ಒಂದು ಮಾತು ಕೇಳಿ. ಅವರಿಗೆ ನೋವಾದರೆ ಒತ್ತಾಯ ಬೇಡ. ಎಷ್ಟೋ ಸಲ ಅವರು ಇದನ್ನು ಯಾರಾದರೂ ಕೇಳಲಿ ಅಂತಲೇ ಕಾದಿರುತ್ತಾರೆ.

ಬರೆಯುವ ಕ್ರಮ ಹೇಳುತ್ತೇನೆ. ಮಗುವಿಗೆ ಎಲ್ಲರಂತೆ ಒಂದು ನಂಬರ್. ತಾಯಿ ನಂಬರ್ ಅತ್ತೆಯದು. ಹೆಸರಿನ ಕಾಲಂ ಖಾಲಿ ಇರಲಿ, ‘ಮಗು’, ‘ಕೂಸು’ ಅಂತ ತುಂಬಬೇಡಿ. ಇಂಥ ಸಾಲುಗಳು ಹೆಚ್ಚಾದಾಗ ಅವೆಲ್ಲ ಒಂದೇ ಹೆಸರಿನವರಾಗಿ ಗೊಂದಲವಾಗುತ್ತದೆ. ಅತ್ತೆ ಹೇಳಿದ್ದನ್ನು ಅವರ ಮಾತಲ್ಲೇ ಟಿಪ್ಪಣಿಯಲ್ಲಿ ಬರೆಯಿರಿ. ಜೊತೆಗೆ ‘ಹೆರಿಗೆ ನಂಬರ್’ ಅಂತ ಒಂದು ಹೊಸ ಕಾಲಂ ಮಾಡಿ. ಅವಳಿಗಳಿಬ್ಬರಿಗೂ ಒಂದೇ ಹೆರಿಗೆ ನಂಬರ್ ಹಾಕಿ. ಯಾರು ಮೊದಲು ಅನ್ನುವುದಕ್ಕೆ ಇನ್ನೊಂದು ಕಾಲಂ. ಮನೆಯವರೇ ಖಚಿತವಾಗಿ ಹೇಳಿದ ಅವಳಿಗಳನ್ನು ಹುಡುಕಲು ಆಮೇಲೆ ದಿನಾಂಕವೇ ಬೇಕಾಗುವುದಿಲ್ಲ.

ಹಳೇ ಜನನ ದಾಖಲೆ ಹುಡುಕುವವರಿಗೂ ಒಂದು ಮಾತು. ಈಗಿನ ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಅದರಲ್ಲಿ ಸತ್ತು ಹುಟ್ಟಿದ ಮಗುವನ್ನೂ ಬರೆಸಬೇಕು ಅಂತಿದೆ. ಅವಳಿಗಳಲ್ಲಿ ಒಂದು ಹಾಗೆ ಆಗಿದ್ದರೆ ಬದುಕಿದ ಮಗುವಿನ ನಮೂದನ್ನಷ್ಟೇ ನೋಡಿ ಬರಬೇಡಿ, ಅದೇ ತಾಯಿಯ ಹೆಸರಲ್ಲಿ ಇನ್ನೊಂದು ನಮೂದು ಇದೆಯಾ ಅಂತ ಕೇಳಿ.

ಪ್ರಶ್ನೆ: ನಾನು ರೂಟ್ಸ್‌ಮ್ಯಾಜಿಕ್ ಅನ್ನುವ ವಂಶವೃಕ್ಷದ ತಂತ್ರಾಂಶ ಬಳಸುತ್ತೇನೆ. ಹೊಸದಾಗಿ ಟೈಪ್ ಮಾಡದೆ ಅದರೊಳಗೇ ಅವಳಿಗಳನ್ನು ಹುಡುಕಲು ಆಗುತ್ತಾ? (ಮೈಸೂರಿನ ಓದುಗರು)

ಉತ್ತರ: ಆಗುತ್ತದೆ. ಆ ಫೈಲೇ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್. ಮೊದಲು ಅದರ ನಕಲು ಮಾಡಿಕೊಳ್ಳಿ. ಆ ನಕಲನ್ನು ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್’ ಅನ್ನುವ ಉಚಿತ ತಂತ್ರಾಂಶದಲ್ಲಿ ತೆರೆಯಿರಿ. ಯಾವ ದಂಪತಿಯ ಮಗು ಅನ್ನುವುದು ಚೈಲ್ಡ್‌ಟೇಬಲ್‌ನಲ್ಲಿ, ಆ ದಂಪತಿಯ ತಾಯಿ ಯಾರು ಅನ್ನುವುದು ಫ್ಯಾಮಿಲಿಟೇಬಲ್‌ನಲ್ಲಿ, ಹುಟ್ಟಿದ ದಿನ ಇವೆಂಟ್‌ಟೇಬಲ್‌ನಲ್ಲಿ ಇರುತ್ತದೆ. ಇವೆಂಟ್‌ಟೇಬಲ್‌ನಲ್ಲಿ ಮದುವೆ, ಸಾವು ಎಲ್ಲ ಸೇರಿರುತ್ತವೆ. ಜನನದ ಸಂಖ್ಯೆ 1, ಅಷ್ಟನ್ನೇ ತೆಗೆಯಿರಿ. ದಿನಾಂಕ ಅಲ್ಲಿ ಉದ್ದದ ಸಂಕೇತವಾಗಿ ಬರೆದಿರುತ್ತದೆ, ಗಾಬರಿ ಬೇಡ. ಒಂದೇ ದಿನ ಹುಡುಕುವಾಗ ಆ ಸಂಕೇತಗಳು ಒಂದೇ ಇವೆಯಾ ಅಂತ ಹೋಲಿಸಿದರೆ ಸಾಕು. ದಿನಾಂಕ ಖಾಲಿ ಇರುವ ಸಾಲುಗಳನ್ನು ಮೊದಲೇ ತೆಗೆದುಹಾಕಿ. ಉಳಿದದ್ದು ಮೊದಲ ಉತ್ತರದಲ್ಲಿ ಹೇಳಿದ ಜಾಯಿನ್ ಲೆಕ್ಕವೇ. ನಕಲಿನಲ್ಲಿ ಓದುವುದಷ್ಟೇ. ತಿದ್ದುವುದೇನಿದ್ದರೂ ರೂಟ್ಸ್‌ಮ್ಯಾಜಿಕ್ ತೆರೆದು ಅಸಲಿ ಫೈಲಿನಲ್ಲೇ ತಿದ್ದಿ.